ಪದ್ಮಿನಿ ಸ್ಟೀರಿಂಗ್ ನಡುವೆ ಸಡಿಲ, ಸ್ವಲ್ಪ ತಿರುಗಿಸಿದರೆ ಎಳೆಯುತ್ತೆ. ಬಾಕ್ಸ್ ಬದಲಾಯಿಸಬೇಕಾ?

ಶಿರಾ_83

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರ 1983ರ ಪ್ರೀಮಿಯರ್ ಪದ್ಮಿನಿ, ಕಾಲಮ್ ಗೇರ್. ಎಂಜಿನ್ ಚೆನ್ನಾಗಿದೆ, ಸ್ಟೀರಿಂಗ್‌ದೇ ತಲೆನೋವು. ಊರೊಳಗೆ ಗೊತ್ತಾಗಲ್ಲ. ತುಮಕೂರು ಹೈವೇಲಿ ಅರವತ್ತು ದಾಟಿದರೆ ಗಾಡಿ ಒಂದು ಲೇನಲ್ಲಿ ನಿಲ್ಲಲ್ಲ. ಸ್ಟೀರಿಂಗ್ ವೀಲ್ ಎರಡು ಇಂಚು ಸುಮ್ಮನೆ ಆಡುತ್ತೆ. ಅಲ್ಲಿಂದ ಒಂಚೂರು ಮುಂದೆ ಹೋದರೆ ಸರಕ್ಕನೆ ಎಳೆಯುತ್ತೆ. ಲಾರಿ ಪಕ್ಕದಲ್ಲಿ ಹೋದಾಗಂತೂ ಜೀವ ಕೈಯಲ್ಲಿ.

ಮೆಕ್ಯಾನಿಕ್ ಒಬ್ಬರು ಸ್ಟೀರಿಂಗ್ ಬಾಕ್ಸ್ (ವೀಲ್ ತಿರುವನ್ನ ಚಕ್ರದ ರಾಡ್‌ಗಳಿಗೆ ಕೊಡೋ ಗೇರ್ ಡಬ್ಬಿ) ಮೇಲಿನ ಸ್ಕ್ರೂ ಬಿಗಿ ಮಾಡಿದರು. ಪ್ಲೇ, ಅಂದ್ರೆ ಆ ಸಡಿಲ, ಸ್ವಲ್ಪ ಕಡಿಮೆಯಾಯ್ತು, ಆದರೆ ತಿರುವು ಮುಗಿದ ಮೇಲೆ ವೀಲ್ ತಾನಾಗಿ ವಾಪಸ್ ಬರಲ್ಲ, ನಾನೇ ತರಬೇಕು. ಗಾಡಿ ಮೊದಲಿಗಿಂತ ಜಾಸ್ತಿ ಆ ಕಡೆ ಈ ಕಡೆ ಹೋಗುತ್ತೆ. ಈಗ ಬಾಕ್ಸೇ ಬದಲಾಯಿಸಿ ಅಂತಿದ್ದಾರೆ. ಹೋದ ವರ್ಷ ನಾಲ್ಕೂ ರೇಡಿಯಲ್ ಟೈರ್ ಹಾಕಿಸಿದೆ, ಹಿಂದಿನ ಸ್ಪ್ರಿಂಗಿಗೆ ಒಂದೊಂದು ಪ್ಲೇಟ್ ಜಾಸ್ತಿ ಹಾಕಿಸಿದ್ದೀವಿ. ಅಪ್ಪನಿಗೆ ಇದೇ ಗಾಡೀಲಿ ಓಡಾಡೋ ಆಸೆ. ಬಾಕ್ಸ್ ತಗೊಳ್ಳಲಾ?

ಮೈಸೂರು_ಫಿಯಟ್

ಬಾಕ್ಸ್ ಈಗಲೇ ತಗೋಬೇಡಿ ಸರ್. ನಮ್ಮ ಶೆಡ್ಡಿಗೆ "ಸ್ಟೀರಿಂಗ್ ಬಾಕ್ಸ್ ಹೋಗಿದೆ" ಅಂತ ಬರೋ ಫಿಯಟ್‌ಗಳಲ್ಲಿ (ಪದ್ಮಿನಿನೂ ಫಿಯಟ್ಟೇ) ಬಾಕ್ಸ್ ನಿಜವಾಗ್ಲೂ ಹೋಗಿರೋದು ಕಮ್ಮಿ. ಅದನ್ನ ಕೊನೆಗೆ ಮುಟ್ಟಬೇಕು. ಎಲ್ಲರೂ ಮೊದಲು ಮುಟ್ಟೋದೇ ಅದನ್ನ, ಯಾಕಂದ್ರೆ ಸ್ಕ್ರೂ ಬಾನೆಟ್ ಎತ್ತಿದ ತಕ್ಷಣ ಕೈಗೆ ಸಿಗುತ್ತೆ.

ನಿಮ್ಮದು ಈಗ ಎರಡು ಬೇರೆ ಬೇರೆ ಕಾಯಿಲೆ. ನಡುವಿನ ಸಡಿಲ ಒಂದು, ವೀಲ್ ವಾಪಸ್ ಬರದೇ ಇರೋದು ಇನ್ನೊಂದು. ಎರಡನೇದು ಸ್ಕ್ರೂ ಬಿಗಿ ಮಾಡಿದ ಮೇಲೆ ಬಂದಿದ್ದು. ಬಾಕ್ಸ್ ಒಳಗೆ ಸವೆಯೋದು ನಟ್ಟನಡುವೆ, ಗಾಡಿ ಹೆಚ್ಚು ಓಡೋದು ನೆಟ್ಟಗೆ ತಾನೇ. ಆ ನಡುವಿನ ಸಡಿಲ ಹೋಗೋವರೆಗೂ ಬಿಗಿ ಮಾಡಿದರೆ ಪಕ್ಕಕ್ಕೆ ತಿರುಗಿದಾಗ ಹಿಡಿಯುತ್ತೆ. ಹಿಡಿದ ಬಾಕ್ಸು ವೀಲನ್ನ ವಾಪಸ್ ಬಿಡಲ್ಲ. ನೀವು ಎಡಕ್ಕೆ ತಂದು, ಜಾಸ್ತಿಯಾಯ್ತು ಅಂತ ಬಲಕ್ಕೆ ತಂದು, ರಸ್ತೆ ಪೂರ್ತಿ ತಿದ್ದುತ್ತಾನೇ ಇರ್ತೀರಿ. ಸ್ಟೀರಿಂಗ್ ತುಂಬಾ ಚುರುಕು ಅನ್ನಿಸೋದು ಇದರಿಂದಾನೇ. ಮೊದಲು ಆ ಸ್ಕ್ರೂ ಹಳೇ ಜಾಗಕ್ಕೆ ಬಿಡಿಸಿ. ಹಿಡಿಯೋ ಸ್ಟೀರಿಂಗ್ ಇಟ್ಟುಕೊಂಡು ದಯವಿಟ್ಟು ಹೈವೇಗೆ ಹೋಗಬೇಡಿ.

ಆಮೇಲೆ ಪ್ಲೇ ಎಲ್ಲಿದೆ ಅಂತ ಹುಡುಕಿ. ಗಾಡಿಯನ್ನ ಜ್ಯಾಕ್ ಮಾಡಬೇಡಿ, ಚಕ್ರ ನೆಲದ ಮೇಲೇ ಇರಲಿ. ಗುಂಡಿ ಅಥವಾ ರ‍್ಯಾಂಪ್ ಇರೋ ಕಡೆ ನಿಲ್ಲಿಸಿ, ಒಬ್ಬರು ಸೀಟಲ್ಲಿ ಕೂತು ವೀಲನ್ನ ಆ ಸಡಿಲದಷ್ಟೇ ಎಡ ಬಲ ಆಡಿಸ್ತಾ ಇರಲಿ. ನೀವು ಕೆಳಗೆ ಹೋಗಿ ಒಂದೊಂದು ಜಾಯಿಂಟ್ ಮೇಲೂ ಬೆರಳಿಡಿ. ಹೆಬ್ಬೆರಳು ಒಂದು ತುಂಡಿನ ಮೇಲೆ, ತೋರುಬೆರಳು ಪಕ್ಕದ ತುಂಡಿನ ಮೇಲೆ. ಒಂದು ಅಲ್ಲಾಡಿ ಇನ್ನೊಂದು ತಡವಾಗಿ ಅಲ್ಲಾಡಿದರೆ ಕಳ್ಳ ಅಲ್ಲೇ ಇದ್ದಾನೆ. ಕಣ್ಣಿಗೆ ಕಾಣದ್ದು ಬೆರಳಿಗೆ ಗೊತ್ತಾಗುತ್ತೆ.

ಬಲಗಡೆ ಬಾಕ್ಸಿಂದ ಶುರು ಮಾಡಿ. ಬಾಕ್ಸನ್ನ ಬಾಡಿಗೆ ಹಿಡಿಸಿರೋ ಬೋಲ್ಟ್ ಸಡಿಲ ಇದೆಯಾ, ಸುತ್ತ ತಗಡು ತುಕ್ಕು ಹಿಡಿದು ಸೀಳಿದೆಯಾ ನೋಡಿ. ಪದ್ಮಿನಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಆಧಾರ. ಬಾಕ್ಸೇ ಅಲ್ಲಾಡಿದರೆ ಏನು ಬದಲಾಯಿಸಿದರೂ ಪ್ರಯೋಜನ ಇಲ್ಲ. ಅಲ್ಲಿಂದ ಡ್ರಾಪ್ ಆರ್ಮ್ (ಬಾಕ್ಸಿಂದ ಹೊರಡೋ ತೋಳು), ನಡುವಿನ ರಾಡ್, ಎಡಗಡೆಯ ಐಡ್ಲರ್ (ಆ ರಾಡಿನ ಇನ್ನೊಂದು ತುದಿ ಹಿಡಿಯೋ ತೋಳು), ಎರಡೂ ಕಡೆ ಟೈ ರಾಡ್ ಎಂಡ್ (ಚಕ್ರದ ಕಡೆ ಹೋಗೋ ರಾಡ್‌ಗಳ ತುದಿಯ ಜಾಯಿಂಟ್). ಐಡ್ಲರ್ ಬುಶ್ಶನ್ನ ಯಾರೂ ನೋಡಲ್ಲ, ಅದು ಹೋದರೆ ಎಡಗಡೆ ಚಕ್ರ ತನ್ನಿಷ್ಟಕ್ಕೆ ತಿರುಗುತ್ತೆ.

ಕಿಂಗ್ ಪಿನ್‌ಗೆ (ಮುಂದಿನ ಚಕ್ರ ಎಡ ಬಲ ತಿರುಗೋ ನಿಂತ ಪಿನ್ನು) ಮಾತ್ರ ಜ್ಯಾಕ್ ಬೇಕು, ಸ್ಟ್ಯಾಂಡ್ ಕೊಡೋದು ಮರೀಬೇಡಿ. ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಪ್ಲೇ ಸಿಕ್ಕರೆ ಇನ್ನೊಬ್ಬರಿಗೆ ಬ್ರೇಕ್ ಒತ್ತೋಕೆ ಹೇಳಿ. ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ವೀಲ್ ಬೇರಿಂಗ್, ಉಳಿದರೆ ಕಿಂಗ್ ಪಿನ್.

ಟೈರ್ ಗಾಳಿ ಎಷ್ಟಿದೆ? ಬಂಕಲ್ಲಿ ಹೊಸ ಕಾರಿಗೆ ಹಾಕಿದ ಹಾಗೆ ನಾಲ್ಕಕ್ಕೂ 35 ಪಾಯಿಂಟ್ ಹಾಕಿಬಿಡ್ತಾರೆ. ಮುಂದಿನದಕ್ಕೆ ಹಿಂದಿನದಕ್ಕಿಂತ ಎರಡು ಮೂರು ಪಾಯಿಂಟ್ ಕಮ್ಮಿ ಇರಲಿ, ಮುಂದೆ ಗಟ್ಟಿಯಾದಷ್ಟೂ ಮೂಗು ಅತ್ತಿತ್ತ ಹೋಗುತ್ತೆ.

ಹುಬ್ಬಳ್ಳಿ_1100

ಮೈಸೂರಿನವ್ರು ಹೇಳಿದ್ದು ಖರೇ ಐತ್ರಿ. ಆದ್ರ ಆ ಹೆಚ್ಚಿನ ಪ್ಲೇಟ್ ಬಗ್ಗೆ ಯಾರೂ ಕೇಳ್ಲಿಲ್ಲಲ್ರಿ? ಹಿಂದ ಎತ್ತರ ಆತಂದ್ರ ಮುಂದ ಮೂತಿ ಕೆಳಗ ಬಾಗತೈತಿ. ಕಿಂಗ್ ಪಿನ್ ಮ್ಯಾಲಿನ ತುದಿ ಹಿಂದಕ್ಕ ವಾಲಿರತೈತಿ ನೋಡ್ರಿ, ಆ ವಾಲು ಕಡಿಮಿ ಆಗತೈತಿ. ಅದಕ್ಕ ಕ್ಯಾಸ್ಟರ್ ಅಂತಾರ. ವೀಲ್ ತಾನ ನೆಟ್ಟಗ ಬರೂದು ಅದರ ಬಲದ ಮ್ಯಾಲ. ನಮ್ಮ ಮಾವನ ಗಾಡಿಗೂ ಹಿಂಗ ಪ್ಲೇಟ್ ಹಾಕಿಸಿದ್ರು, ಖಾಲಿ ಗಾಡಿ ಹೈವೇದಾಗ ನಿಲ್ತಿರ್ಲಿಲ್ಲ, ನಾಕು ಮಂದಿ ಕುಂತ್ರ ಸುಮ್ಮನ ಓಡ್ತಿತ್ತು. ತಗಿಸಿದ್ಮ್ಯಾಲ ಸರಿ ಆತು. ನಿಮ್ದೂ ಹಿಂದ ಮಂದಿ ಕುಂತಾಗ ಸುಧಾರಸ್ತದೇನು ನೋಡ್ರಿ.

ಅಂಬಿ_ಹಾಸನ

ನನ್ನ ಅಂಬಾಸಿಡರ್‌ಗೂ ಇದೇ ತೊಂದರೆ. ಇದೇ ಸ್ಕ್ರೂ ಹುಡುಕಬೇಕಾ?

ಮೈಸೂರು_ಫಿಯಟ್

ಹಾಸನದವರೇ, ಅಂಬಾಸಿಡರ್‌ಗೆ ಈ ಥರ ಬಾಕ್ಸ್ ಇಲ್ಲ, ರ‍್ಯಾಕ್ ಅಂಡ್ ಪಿನಿಯನ್. ನಿಮ್ಮದು ಬೇರೆ ಪ್ರಶ್ನೆಯಾಗಿ ಹಾಕಿ, ಅಲ್ಲಿ ಬರೀತೀನಿ. ಹುಬ್ಬಳ್ಳಿಯವರೇ, ಪ್ಲೇಟ್ ವಿಷಯ ಹೇಳಿದ್ದು ಬಹಳ ಒಳ್ಳೇದಾಯ್ತು.

ಶಿರಾ_83

ಹೌದು, ಹಿಂದೆ ಮೂರು ಜನ ಕೂತರೆ ಗಾಡಿ ಸಮಾಧಾನವಾಗಿ ಓಡುತ್ತೆ! ಅದನ್ನ ನಾವು ಗಮನಿಸಿರಲೇ ಇಲ್ಲ. ಪ್ಲೇಟ್ ತೆಗೆಸಿದೆ, ಸ್ಕ್ರೂ ಬಿಡಿಸಿದೆ, ವೀಲ್ ಈಗ ತಾನಾಗಿ ವಾಪಸ್ ಬರ್ತಿದೆ. ಬೆರಳಿಟ್ಟು ನೋಡಿದರೆ ಐಡ್ಲರ್ ಬುಶ್ ಪೂರ್ತಿ ಅಂಡಾಕಾರ ಆಗಿದೆ. ಬಾಕ್ಸಿನ ಒಂದು ಬೋಲ್ಟ್ ಕೈಯಲ್ಲೇ ತಿರುಗಿತು. ಎಡಗಡೆ ಕಿಂಗ್ ಪಿನ್ ಬ್ರೇಕ್ ಒತ್ತಿದರೂ ಆಡುತ್ತೆ. ಬಾಕ್ಸಲ್ಲಿ ಆಯಿಲ್ ಬದಲು ಬರೀ ಗ್ರೀಸ್ ಇತ್ತು. ಮುಂದೇನು ಮಾಡಲಿ?

ಮೈಸೂರು_ಫಿಯಟ್

ಆ ಗ್ರೀಸ್ ತೆಗೆಸಿ. ಲೀಕ್ ಆಗುತ್ತೆ ಅಂತ ಗ್ರೀಸ್ ತುಂಬ್ತಾರೆ. ಅದು ಪಕ್ಕಕ್ಕೆ ಸರಿದು ಅಲ್ಲೇ ಕೂರುತ್ತೆ, ಒಳಗಿನ ಗೇರ್ ಹಲ್ಲು ಒಣಗುತ್ತೆ. ಸೀಲ್ ಬದಲಾಯಿಸಿ 90 ನಂಬರ್ ಗೇರ್ ಆಯಿಲ್ ಹಾಕಿಸಿ.

ಕಿಂಗ್ ಪಿನ್ ಎರಡೂ ಕಡೆ ಒಟ್ಟಿಗೆ ಮಾಡಿಸಿ. ಬೆಂಗಳೂರಿನ ಜೆ.ಸಿ. ರೋಡಲ್ಲಿ ಕೇಳಿ, ಹಳೇ ಪಿನ್ನು ಬುಶ್ಶು ಕೈಯಲ್ಲೇ ತಗೊಂಡು ಹೋಗಿ ಅಳತೆ ಹೊಂದಿಸಿ ತನ್ನಿ. ಹೊಸ ಬುಶ್ ಒತ್ತಿ ಕೂರಿಸಿದ ಮೇಲೆ ರೀಮರ್ (ತೂತನ್ನ ಸರಿಯಾದ ಅಳತೆಗೆ ಕೆತ್ತೋ ಟೂಲ್) ಹಾಕಲೇಬೇಕು. ಮೇಲಿನದು ಕೆಳಗಿನದು ಬೇರೆ ಬೇರೆಯಾಗಿ ಅಲ್ಲ, ಒಂದೇ ಉದ್ದದ ರೀಮರ್ ಎರಡರೊಳಗೂ ನೇರ ಹೋಗಬೇಕು. ಪಿನ್ನು ಕೈಯಿಂದ ತಳ್ಳಿದರೆ ಒಳಗೆ ಹೋಗಬೇಕು, ಬಿಟ್ಟರೆ ಬೀಳಬಾರದು. ಎಮೆರಿ ಪೇಪರ್ ಸುತ್ತಿ ಉಜ್ಜೋ ಲೇತ್‌ನವರ ಹತ್ತಿರ ಕೊಡಬೇಡಿ.

ಎಲ್ಲಾ ಕೂರಿಸಿದ ಮೇಲೆ ಅಲೈನ್‌ಮೆಂಟ್. ಮುಂದಿನ ಎರಡು ಚಕ್ರಗಳ ಮುಂಭಾಗದ ಅಳತೆ ಹಿಂಭಾಗಕ್ಕಿಂತ ಒಂದೆರಡು ಮಿಲಿಮೀಟರ್ ಕಮ್ಮಿ ಇರಲಿ, ಹೊರಕ್ಕೆ ಮಾತ್ರ ತೆರೆದಿರಬಾರದು. ಎರಡೂ ಟೈ ರಾಡ್ ಸಮವಾಗಿ ತಿರುಗಿಸೋಕೆ ಹೇಳಿ. ಅದಾದ ಮೇಲೂ ನಡುವೆ ಸಡಿಲ ಉಳಿದರೆ, ಚಕ್ರ ನೆಟ್ಟಗಿಟ್ಟು ಬಾಕ್ಸ್ ಸ್ಕ್ರೂ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿ ಸಲ ಎರಡೂ ಕಡೆ ಪೂರ್ತಿ ತಿರುಗಿಸಿ ಎಲ್ಲೂ ಹಿಡಿಯಲ್ಲ ಅಂತ ನೋಡಿ.