ಊಟಿ ಚಳಿಗೆ ಮರ ಕೊಯ್ಯುವ ಚೈನ್ ಮಿಷನ್ ಸ್ಟಾರ್ಟ್ ಆಗ್ತಿಲ್ಲ, ಹೆಚ್ ಸ್ಕ್ರೂ ಬಿಚ್ಚಲಾ?

ಪ್ರಶ್ನೆ (ಮುಳ್ಳೇರಿಯದ ಮರ ಕೊಯ್ಯುವವರು):
ಅಣ್ಣಾ, ಊಟಿ ಹತ್ತಿರದ ಟೀ ತೋಟದಲ್ಲಿ ಒಣಗಿದ ಸಿಲ್ವರ್ ಓಕ್ ಕೊಯ್ಯಲು ಬಂದು ನಾಲ್ಕು ದಿನ ಆಯ್ತು. ಬೆಳಗ್ಗೆ ಹುಲ್ಲಿನ ಮೇಲೆಲ್ಲ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿರ್ತದೆ. ಊರಲ್ಲಿ ಎರಡು ಎಳೆತಕ್ಕೆ ಸ್ಟಾರ್ಟ್ ಆಗುವ ಮಿಷನ್ ಇಲ್ಲಿ ಚೋಕ್ ಹಾಕಿ ಇಪ್ಪತ್ತು ಸಲ ಹಗ್ಗ ಎಳೆದರೂ ಆಗುದಿಲ್ಲ. ಆದ ಮೇಲೂ ದಟ್ಟ ಹೊಗೆ, ಮರಕ್ಕಿಟ್ಟರೆ ದಮ್ಮಿಲ್ಲ. ಚಳಿಗೆ ಪೆಟ್ರೋಲ್ ಜಾಸ್ತಿ ಬೇಕು, ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹೆಚ್ಚು-ಕಡಿಮೆ ಮಾಡುವ ಹೆಚ್ ಸ್ಕ್ರೂ ಎಡಕ್ಕೆ ಬಿಚ್ಚು ಅಂತಾನೆ ಜೊತೆಯವ. ಬಿಚ್ಚಲಾ?

ಉತ್ತರ (ಬದಿಯಡ್ಕದ ಮೆಕ್ಯಾನಿಕ್):
ಬಿಚ್ಚಬೇಡಿ. ಮೊದಲು ಸ್ಪಾರ್ಕ್ ಪ್ಲಗ್ ತೆಗೆದು ನೋಡಿ. ಒದ್ದೆಯಾಗಿ ಮಸಿ ಹಿಡಿದಿದ್ದರೆ ಪೆಟ್ರೋಲ್ ಈಗಲೇ ಹೆಚ್ಚಾಗಿದೆ ಅಂತ ಅರ್ಥ.

ಚಳಿಗೆ ಗಾಳಿ ದಟ್ಟವಾಗ್ತದೆ, ಪೆಟ್ರೋಲ್ ತುಸು ಹೆಚ್ಚು ಬೇಕಾಗ್ತದೆ, ನಿಮ್ಮ ಜೊತೆಯವ ಹೇಳಿದ್ದು ಅಷ್ಟರ ಮಟ್ಟಿಗೆ ಸರಿ. ಆದರೆ ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ನಮ್ಮ ಕರಾವಳಿಯ ಮುಕ್ಕಾಲು ಪಾಲು ಮಾತ್ರ. ಚಳಿಯಿಂದ ಸಿಕ್ಕಿದ ಗಾಳಿಗಿಂತ ಎತ್ತರದಿಂದ ಕಳೆದದ್ದೇ ಹೆಚ್ಚು. ಊರಿನ ಗಾಳಿಗೆ ಹೊಂದಿಸಿದ ಕಾರ್ಬೊರೇಟರ್ ಅಲ್ಲಿ ಪೆಟ್ರೋಲ್ ಕುಡಿದು ಕೆಮ್ಮುತ್ತದೆ.

ಇಂಜಿನ್ ಬಿಸಿಯಾದ ಮೇಲೆ ಹೆಚ್ ಸ್ಕ್ರೂವನ್ನು ಬಲಕ್ಕೆ ಎಂಟನೇ ಒಂದು ಸುತ್ತು ಮಾತ್ರ ತಿರುಗಿಸಿ, ಮರಕ್ಕಿಟ್ಟು ನೋಡಿ. ಖಾಲಿ ಓಡುವಾಗ ಪೂರ್ತಿ ಆಕ್ಸಿಲರೇಟರಿಗೆ ಸ್ವಲ್ಪ ಒಡಕು ಸ್ವರ ಇರಬೇಕು, ಮರಕ್ಕೆ ತಾಗಿದ ಕೂಡಲೇ ಸ್ವರ ತೆಳ್ಳಗಾಗಿ ಎಳೆಯಬೇಕು. ಖಾಲಿಯಲ್ಲೇ ಕೀಚಲು ಸ್ವರ ಬಂದರೆ ಪೆಟ್ರೋಲ್ ಸಾಲದು, ಎಡಕ್ಕೆ ತನ್ನಿ. ಮುಟ್ಟುವ ಮೊದಲು ಸ್ಕ್ರೂವಿನ ಸೀಳು ಇದ್ದ ಜಾಗಕ್ಕೆ ಬಿಳಿ ಪೇಂಟಿನ ಚುಕ್ಕೆ ಇಡಿ.

ಚೋಕನ್ನು ಇಪ್ಪತ್ತು ಸಲ ಹಿಡಿದಿಟ್ಟದ್ದು ತಪ್ಪು. ಒಮ್ಮೆ "ಠುಪ್" ಅಂತ ಕೆಮ್ಮಿದ ಕೂಡಲೇ ಅರ್ಧ ಚೋಕ್‌ಗೆ ಇಳಿಸಬೇಕು. ಈಗ ತುಂಬಿಹೋಗಿದ್ದರೆ ಪ್ಲಗ್ ತೆಗೆದು, ಸ್ವಿಚ್ ಆಫ್ ಮಾಡಿ ನಾಲ್ಕೈದು ಸಲ ಹಗ್ಗ ಎಳೆಯಿರಿ, ಪ್ಲಗ್ ಒರೆಸಿ, ಗ್ಯಾಪ್ 0.5 ಮಿ.ಮೀ. ಇದೆಯಾ ನೋಡಿ ಹಾಕಿ.

ಪ್ರಶ್ನೆ (ತಾಳವಾಡಿಯಿಂದ):
ನಮ್ಮದು ಸ್ಟಾರ್ಟ್ ಆಗ್ತದೆ, ಹತ್ತು ನಿಮಿಷಕ್ಕೆ ಸೊರಗ್ತದೆ. ಚೈನ್ ಸುತ್ತುವ ಉದ್ದದ ಪಟ್ಟಿ, ಬಾರ್ ಕೂಡ ಸುಡ್ತದೆ.

ಉತ್ತರ:
ಸೊರಗಿದ ಕೂಡಲೇ ಕಾರ್ಬೊರೇಟರ್ ಮುಟ್ಟಿ ನೋಡಿ. ತಣ್ಣಗೆ ಬೆವರಿದ್ದರೆ ಒಳಗೆ ಮಂಜು ಕಟ್ಟುತ್ತಿರಬಹುದು. ತೇವದ ಚಳಿಯಲ್ಲಿ ಹಾಗಾಗ್ತದೆ. ಕೆಲವು ಮಿಷನ್‌ಗಳಲ್ಲಿ ಫಿಲ್ಟರ್ ಮುಚ್ಚಳದೊಳಗೆ ಸೂರ್ಯ, ಹಿಮದ ಹರಳು ಎರಡೂ ಚಿತ್ರ ಇರುವ ಸಣ್ಣ ಪ್ಲಾಸ್ಟಿಕ್ ತುಂಡು ಇರ್ತದೆ. ಅದನ್ನು ಹಿಮದ ಕಡೆಗೆ ಮಾಡಿದರೆ ಸಿಲಿಂಡರಿನ ಬಿಸಿ ಗಾಳಿ ಕಾರ್ಬೊರೇಟರಿಗೆ ಬರ್ತದೆ. ಬಿಸಿಲೇರಿದ ಮೇಲೆ ಮರೆಯದೆ ಸೂರ್ಯನ ಕಡೆಗೆ ಮಾಡಿ.

ಬಾರ್ ಸುಡುವುದು ಚೈನ್ ಆಯಿಲ್ ಗಟ್ಟಿಯಾದದ್ದಕ್ಕೆ. ಬಾರಿನ ತುದಿಯನ್ನು ಹೊಸದಾಗಿ ಕೊಯ್ದ ಬಿಳಿ ಕಟ್ಟಿಗೆಯ ಹತ್ತಿರ, ತಾಗದ ಹಾಗೆ ಹಿಡಿದು ಆಕ್ಸಿಲರೇಟರ್ ಕೊಡಿ. ಎಣ್ಣೆಯ ಗೆರೆ ಬೀಳಬೇಕು. ಬೀಳದಿದ್ದರೆ ತೆಳು ಎಣ್ಣೆ ಹಾಕಿ, ಬಾರಿನ ರಂಧ್ರ ಚೊಕ್ಕ ಮಾಡಿ. ಸಂಜೆ ಚೈನ್ ಸಡಿಲ ಮಾಡಿಡಿ. ಬಿಸಿಯಲ್ಲಿ ಬಿಗಿ ಮಾಡಿದ ಚೈನ್ ರಾತ್ರಿ ಕುಗ್ಗಿ ಕ್ರ್ಯಾಂಕನ್ನೇ ಎಳೀತದೆ.

ಪ್ರಶ್ನೆ (ಮುಳ್ಳೇರಿಯ, ಮರುದಿನ):
ಎರಡು ಸಲ ಎಂಟನೇ ಒಂದು ತಿರುಗಿಸಿದ ಮೇಲೆ ಸರಿಯಾಯ್ತು ಅಣ್ಣಾ! ಬೆಳಗ್ಗೆ ಎಷ್ಟು ಹೊತ್ತು ಬಿಸಿ ಮಾಡಬೇಕು?

ಉತ್ತರ:
ಒಂದೆರಡು ನಿಮಿಷ, ಮೆಲ್ಲಗೆ. ತಣ್ಣಗಿರುವಾಗ ಪೂರ್ತಿ ಆಕ್ಸಿಲರೇಟರ್ ಕೊಟ್ಟರೆ ಪಿಸ್ಟನ್ ಮೊದಲು ಉಬ್ಬುತ್ತದೆ, ಸಿಲಿಂಡರ್ ಹಿಂದೆ ಬೀಳುತ್ತದೆ. ಪಿಸ್ಟನ್ ಒಳಗೇ ಹಿಡಿದುಕೊಂಡು ಸೀಜ್ ಆಗುವುದು ಹಾಗೆ.

ಇನ್ನೊಂದು ಮಾತು, ದಯಮಾಡಿ ಮರೆಯಬೇಡಿ. ಘಟ್ಟ ಇಳಿದು ಊರಲ್ಲಿ ಮೊದಲ ಅಡಿಕೆ ಮರಕ್ಕೆ ಇಡುವ ಮೊದಲು ಸ್ಕ್ರೂವನ್ನು ಆ ಬಿಳಿ ಚುಕ್ಕೆಗೆ ತನ್ನಿ. ಹೋದ ವರ್ಷ ನನ್ನಲ್ಲಿಗೆ ಬಂದ ಒಂದು ಪಿಸ್ಟನ್ನಿನ ಸೈಲೆನ್ಸರ್ ಬದಿಯಲ್ಲಿ ಉಗುರಿನಿಂದ ಗೀರಿದ ಹಾಗೆ ಉದ್ದುದ್ದ ಗೆರೆ. ಮೇಲೆ ಹೊಂದಿಸಿದ ಸ್ಕ್ರೂವಿನಲ್ಲೇ, ಕೆಳಗಿನ ದಟ್ಟ ಗಾಳಿಗೆ ಪೆಟ್ರೋಲ್ ಸಾಲದೆ, ಎರಡು ದಿನ ಓಡಿಸಿದ್ದರು.