ಶೋಧಯಂತ್ರಗಳ ‘ಸ್ಪ್ಯಾಮ್’ಗೆ ‘ಅನಪೇಕ್ಷಿತ’ ಎನ್ನಬಹುದೇ?

ಪದಚರ್ಚೆಯ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಾಗಿದೆ. ಪದ ಹೊಸದಲ್ಲ, ‘ಸ್ಪ್ಯಾಮ್’. ಇಮೇಲಿನ ಸಂದರ್ಭದಲ್ಲಿ ಅದನ್ನು ‘ಅನಪೇಕ್ಷಿತ’ ಎಂದು ಕನ್ನಡಿಸುವ ರೂಢಿ ಇದೆ, ನಾನೂ ಅನೇಕ ಕಡೆ ಹಾಗೆಯೇ ಬರೆದಿದ್ದೇನೆ. ಆದರೆ ಗೂಗಲ್, ಬಿಂಗ್ ಮುಂತಾದ ಶೋಧಯಂತ್ರಗಳ ವಿಷಯ ಬಂದಾಗ ಈ ಅನುವಾದ ಓದುಗರನ್ನು ದಾರಿ ತಪ್ಪಿಸುತ್ತದೆ ಎಂಬುದು ಈಚೆಗೆ ನಮ್ಮ ಮನೆಯ ಪ್ರಸಂಗವೊಂದರಿಂದಲೇ ನನಗೆ ಮನವರಿಕೆಯಾಯಿತು.

ಸಾಗರದ ಸಮೀಪದ ಹಳ್ಳಿಯಲ್ಲಿರುವ ನನ್ನ ಚಿಕ್ಕಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ಅವರದೊಂದು ಪುಟ್ಟ ಜಾಲತಾಣವಿದೆ. ಅದನ್ನು ಹುಡುಕಾಟದಲ್ಲಿ ಮೊದಲ ಪುಟಕ್ಕೆ ತಂದುಕೊಡುತ್ತೇವೆಂದು ಒಂದು ಸಂಸ್ಥೆಯವರು ಎಸ್‌ಇಒ (ಸರ್ಚ್ ಎಂಜಿನ್ ಆಪ್ಟಿಮೈಸೇಶನ್, ಅಂದರೆ ತಾಣವನ್ನು ಶೋಧಯಂತ್ರಕ್ಕೆ ಒಗ್ಗಿಸುವ) ಕೆಲಸ ವಹಿಸಿಕೊಂಡರು. ಕೆಲವು ತಿಂಗಳು ವ್ಯಾಪಾರ ಏರಿತು, ಆಮೇಲೆ ತಾಣ ಹುಡುಕಾಟದಲ್ಲಿ ಕಾಣುವುದೇ ನಿಂತುಹೋಯಿತು. ತಾಣದ ಒಡೆಯರಿಗೆ ಗೂಗಲ್ ಸೂಚನೆಗಳನ್ನು ತಿಳಿಸುವ ಗೂಗಲ್ ಸರ್ಚ್ ಕನ್ಸೋಲ್ ತೆರೆದು ನೋಡಿದರೆ, ತಾಣವು ಸ್ಪ್ಯಾಮ್ ನೀತಿಯನ್ನು ಉಲ್ಲಂಘಿಸಿದೆ ಎಂಬ ಸೂಚನೆ ಇತ್ತು. ಹಾಗೆಂದರೇನು ಎಂದು ಚಿಕ್ಕಮ್ಮ ಕೇಳಿದಾಗ ನಾನು ಅಭ್ಯಾಸಬಲದಿಂದ ‘ಅನಪೇಕ್ಷಿತ ಅಂತ’ ಎಂದೆ. ಅವರು ತಕ್ಷಣ ಹೇಳಿದರು: “ನಾನು ಯಾರಿಗೂ ಕೇಳದೇ ಒಂದು ಮೇಲ್ ಕಳಿಸಿದವಳಲ್ಲ. ಜನ ತಾವಾಗೇ ಹುಡುಕಿಕೊಂಡು ಬಂದು ತಗೊಂಡು ಹೋಗ್ತಾರೆ. ಬೇಕು ಅಂತ ಬಂದವರಿಗೆ ಕೊಟ್ಟಿದ್ದು ಅನಪೇಕ್ಷಿತ ಹ್ಯಾಗಾಯ್ತು ಮಾರಾಯಾ?”

ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಪದದ ಮಟ್ಟಿಗೆ ಅವರ ಮಾತು ಸಂಪೂರ್ಣ ಸರಿ.

ಇಂಗ್ಲಿಷಿನಲ್ಲಿ ಈ ಪದ ಅರ್ಥ ಬದಲಿಸುತ್ತ ಬಂದ ಬಗೆಯನ್ನು ನೋಡಿದರೆ ತೊಡಕು ಎಲ್ಲಿದೆ ಎಂಬುದು ತಿಳಿಯುತ್ತದೆ. ಸ್ಪ್ಯಾಮ್ ಎಂಬುದು ಅಮೆರಿಕದ ಹಾರ್ಮೆಲ್ ಕಂಪನಿ 1937ರಲ್ಲಿ ಮಾರುಕಟ್ಟೆಗೆ ತಂದ ಡಬ್ಬಿ ಮಾಂಸದ ಹೆಸರು. 1970ರಲ್ಲಿ ಬಿಬಿಸಿಯಲ್ಲಿ ಪ್ರಸಾರವಾದ ಮಾಂಟಿ ಪೈಥನ್ ತಂಡದ ಪ್ರಹಸನವೊಂದರಲ್ಲಿ, ಹೋಟೆಲಿನ ಪ್ರತಿಯೊಂದು ತಿಂಡಿಯಲ್ಲೂ ಸ್ಪ್ಯಾಮ್ ಇರುತ್ತದೆ, ಆ ಹೆಸರನ್ನೇ ಮತ್ತೆ ಮತ್ತೆ ಹಾಡುವವರ ಗದ್ದಲದಲ್ಲಿ ಉಳಿದವರ ಮಾತು ಮುಳುಗಿಹೋಗುತ್ತದೆ. ಒಂದೇ ಸಂಗತಿಯನ್ನು ಸುರಿದು ಸುರಿದು ಬೇರೆಯವರ ಮಾತು ಕೇಳಿಸದಂತೆ ಮಾಡುವುದಕ್ಕೆ ಗಣಕಬಳಕೆದಾರರು ಈ ಹೆಸರನ್ನು ಅಲ್ಲಿಂದ ಎತ್ತಿಕೊಂಡರು. 1994ರ ಏಪ್ರಿಲ್‌ನಲ್ಲಿ ಅಮೆರಿಕದ ಇಬ್ಬರು ವಕೀಲರು ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಆಗಿನ ಗಣಕಜಾಲದ ಚರ್ಚಾವೇದಿಕೆಯಾದ ಯೂಸ್‌ನೆಟ್ಟಿನ ಸಾವಿರಾರು ಗುಂಪುಗಳಿಗೆ ಒಮ್ಮೆಲೇ ಹಾಕಿದ ಮೇಲೆ ಪದಕ್ಕೆ ವ್ಯಾಪಾರದ ವಾಸನೆಯೂ ಅಂಟಿಕೊಂಡಿತು.

ಗಮನಿಸಬೇಕಾದದ್ದು, ಇಲ್ಲಿಯವರೆಗೆ ಪದದ ತಿರುಳು ‘ಬೇಡದ್ದು’ ಎಂಬುದಕ್ಕಿಂತ ‘ಮುಳುಗಿಸುವಷ್ಟು’ ಎಂಬುದರಲ್ಲಿದೆ. ‘ಕೇಳದೆ ಕಳಿಸಿದ್ದು’ ಎಂಬ ಅರ್ಥ ಗಟ್ಟಿಯಾದದ್ದು ಇಮೇಲಿನ ಕಾಲದಲ್ಲಿ. ನಮ್ಮ ದೇಶದಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಜಾಹೀರಾತಿನ ಕರೆ ಮತ್ತು ಸಂದೇಶಗಳ ಬಗ್ಗೆ 2010ರಲ್ಲಿಯೂ 2018ರಲ್ಲಿಯೂ ನಿಯಮಗಳನ್ನು ಹೊರಡಿಸಿದಾಗ ಗ್ರಾಹಕರ ಒಪ್ಪಿಗೆಯೇ ಅವುಗಳ ಕೇಂದ್ರವಾಗಿತ್ತು. ಅಂತಹ ಕಡೆ ‘ಅನಪೇಕ್ಷಿತ ವಾಣಿಜ್ಯ ಕರೆ’ ಎಂಬ ಮಾತು ಚೆನ್ನಾಗಿ ಒಪ್ಪುತ್ತದೆ, ಅದನ್ನು ಬದಲಿಸಬೇಕೆಂದು ನಾನು ಹೇಳುವುದಿಲ್ಲ.

ಶೋಧಯಂತ್ರದ ಸ್ಪ್ಯಾಮ್ ಬೇರೆ ಬಗೆಯದು. ಅಲ್ಲಿ ಯಾರೂ ಯಾರಿಗೂ ಏನನ್ನೂ ಕಳಿಸುವುದಿಲ್ಲ. ಹುಡುಕುವವರು ತಾವೇ ಕೇಳುತ್ತಾರೆ, ಯಂತ್ರವು ಲಕ್ಷಾಂತರ ಪುಟಗಳನ್ನು ತೂಗಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ಜೋಡಿಸಿ ಕೊಡುತ್ತದೆ. ಆ ತೂಕವನ್ನು ಸುಳ್ಳುಮಾಡುವ ಉಪಾಯಗಳಿಗೆ ಅಲ್ಲಿ ಸ್ಪ್ಯಾಮ್ ಎನ್ನುತ್ತಾರೆ. ಅಂದರೆ ಪದದ ಕೇಂದ್ರ ಪಡೆಯುವವರ ಇಚ್ಛೆಯಿಂದ ತಕ್ಕಡಿಯ ಪ್ರಾಮಾಣಿಕತೆಗೆ ಜರುಗಿದೆ. ‘ಅನಪೇಕ್ಷಿತ’ ಎಂಬುದರಲ್ಲಿ ಈ ಜರುಗುವಿಕೆಯ ಸುಳಿವೇ ಇಲ್ಲ.

ಚಿಕ್ಕಮ್ಮನ ತಾಣದಲ್ಲಿ ನಡೆದದ್ದನ್ನೇ ನೋಡಿ. ಮುಖಪುಟದ ಅಡಿಯಲ್ಲಿ ‘ಅಪ್ಪೆಮಿಡಿ ಉಪ್ಪಿನಕಾಯಿ ಬೆಂಗಳೂರು, ಅಪ್ಪೆಮಿಡಿ ಉಪ್ಪಿನಕಾಯಿ ಮೈಸೂರು, ಅಪ್ಪೆಮಿಡಿ ಉಪ್ಪಿನಕಾಯಿ ಹುಬ್ಬಳ್ಳಿ’ ಎಂದು ಊರುಗಳ ಸರಮಾಲೆಯೇ ಇತ್ತು. ಹುಡುಕುಪದಗಳನ್ನು ಹೀಗೆ ಒತ್ತೊತ್ತಾಗಿ ಸೇರಿಸುವುದಕ್ಕೆ ‘ಪದ ತುರುಕುವುದು’ ಎಂಬ ಕನ್ನಡ ಸಹಜವಾಗಿ ಒದಗುತ್ತದೆ. ತುರುಕುವುದು ಎನ್ನುವಾಗಲೇ ಜಾಗವಿಲ್ಲದ ಕಡೆ ಬಲವಂತವಾಗಿ ನೂಕುವ ಭಾವ ಬಂದುಬಿಡುತ್ತದೆ, ಬೇರೆ ವಿವರಣೆ ಬೇಕಾಗುವುದಿಲ್ಲ. ಅದಕ್ಕಿಂತ ನನ್ನನ್ನು ಹೆಚ್ಚು ನೋಯಿಸಿದ್ದು ಮೇಲಿನ ಸಾಲುಗಳ ವ್ಯಾಕರಣ. ‘ಬೆಂಗಳೂರಿನಲ್ಲಿ ಸಿಗುವ ಸಾಗರದ ಅಪ್ಪೆಮಿಡಿ’ ಎಂದು ಚಿಕ್ಕಮ್ಮ ಬರೆದಿದ್ದ ಒಳ್ಳೆಯ ಕನ್ನಡವನ್ನು ಆ ಸಂಸ್ಥೆಯವರು ಅಳಿಸಿ, ವಿಭಕ್ತಿ ಪ್ರತ್ಯಯ ಸೇರಿದರೆ ಯಂತ್ರಕ್ಕೆ ಪದ ಗುರುತು ಸಿಗುವುದಿಲ್ಲವೆಂದು ಹೇಳಿ, ನಾಮಪದಗಳನ್ನು ಬೋಳುಬೋಳಾಗಿ ಸಾಲು ನಿಲ್ಲಿಸಿದ್ದರು. ಜನ ಹುಡುಕುವಾಗ ಪ್ರತ್ಯಯವಿಲ್ಲದೆ ಟೈಪಿಸುವುದು ನಿಜ. ಆದರೆ ಹುಡುಕುವವರು ಅರ್ಧ ಮಾತು ಆಡುತ್ತಾರೆಂದು ಬರೆಯುವವರೂ ಅರ್ಧ ಮಾತನ್ನೇ ಬರೆದರೆ, ಅಂತರಜಾಲದ ಕನ್ನಡ ಪ್ರತ್ಯಯಗಳನ್ನು ಕಳೆದುಕೊಂಡ ಭಾಷೆಯಾಗುತ್ತದೆ.

ಗೂಗಲ್ ತನ್ನ ನೀತಿಯಲ್ಲಿ ಪದ ತುರುಕುವುದಕ್ಕೆ ಕೊಡುವ ಉದಾಹರಣೆಗಳಲ್ಲಿ ಒಂದು ಊರುಗಳ ಪಟ್ಟಿಯೇ. ಇನ್ನೊಂದು, ಕೇಳಲು ಅಸಹಜವೆನಿಸುವಷ್ಟು ಸಲ ಅದೇ ಪದವನ್ನು ಬಳಸುವುದು. ಈ ‘ಅಸಹಜ’ ಎಂಬ ಅಳತೆಗೋಲು ನಮ್ಮಂಥವರಿಗೆ ಮುಖ್ಯವಾದದ್ದು. ಕನ್ನಡದಲ್ಲಿ ಒಂದು ವಾಕ್ಯ ಅಸಹಜವೋ ಅಲ್ಲವೋ ಎಂದು ಹೇಳಬಲ್ಲದ್ದು ಕನ್ನಡದ ಕಿವಿಯೇ. ‘ಹನಿಹನಿ’, ‘ಮತ್ತೆ ಮತ್ತೆ’, ‘ಬಿಸಿಬಿಸಿ’ ಎಂಬ ದ್ವಿರುಕ್ತಿಗಳು ನಮ್ಮಲ್ಲಿ ಸಹಜವಾದವು. ಇಂಗ್ಲಿಷಿನ ಪುಟಕ್ಕೆ ಮಾಡಿದ ಎಣಿಕೆಯನ್ನು ಕನ್ನಡದ ಪುಟಕ್ಕೆ ಹಚ್ಚಿ, ನೂರು ಪದಕ್ಕೆ ಇಷ್ಟು ಸಲ ಹುಡುಕುಪದ ಬರಬೇಕು ಎನ್ನುವ ಲೆಕ್ಕಾಚಾರವನ್ನು ನಾನು ಒಪ್ಪುವುದಿಲ್ಲ.

ಎರಡನೆಯದಾಗಿ, ಪ್ರತಿ ಊರಿಗೂ ಒಂದೊಂದು ಪುಟ ಮಾಡಿ, ಯಾವುದನ್ನು ಒತ್ತಿದರೂ ಒಂದೇ ಕೊಳ್ಳುವ ಪುಟಕ್ಕೆ ಹೋಗುವಂತೆ ಮಾಡಿದ್ದರು. ಇಂಗ್ಲಿಷಿನಲ್ಲಿ ಇದಕ್ಕೆ ‘ಡೋರ್‌ವೇ’ ಪುಟ ಎಂಬ ಹೆಸರಿದೆ. ‘ಬಾಗಿಲು ಪುಟ’ ಎಂದು ಮಾತ್ರ ಹೇಳಿದರೆ ತಪ್ಪೇನು ಎಂಬುದು ತಿಳಿಯುವುದಿಲ್ಲ, ಬಾಗಿಲು ಒಳ್ಳೆಯದೇ ಅಲ್ಲವೇ? ‘ಬರಿಬಾಗಿಲು’ ಎಂದರೆ ಹಿಂದೆ ಮನೆಯಿಲ್ಲದ ಬಾಗಿಲು ಎಂಬ ಅರ್ಥ ಹೊರಡುತ್ತದೆ ಎಂದು ನನಗನಿಸುತ್ತದೆ. ದೊಡ್ಡ ದೊಡ್ಡ ಕಂಪನಿಗಳೂ ಈ ದಾರಿ ಹಿಡಿದದ್ದುಂಟು. 2006ರ ಫೆಬ್ರುವರಿಯಲ್ಲಿ ಬಿಎಂಡಬ್ಲ್ಯು ಕಂಪನಿಯ ಜರ್ಮನ್ ತಾಣವನ್ನು ಗೂಗಲ್ ತನ್ನ ಸೂಚಿಯಿಂದಲೇ ತೆಗೆದುಹಾಕಿತ್ತು. ಹಳೆಯ ಕಾರುಗಳೆಂಬ ಅರ್ಥದ ಜರ್ಮನ್ ಪದವನ್ನು ತುಂಬಿದ ಪುಟಗಳನ್ನು ಯಂತ್ರಕ್ಕೆ ತೋರಿಸಿ, ಬಂದ ಜನರನ್ನು ಬೇರೆ ಪುಟಕ್ಕೆ ಸಾಗಿಸುತ್ತಿದ್ದುದು ಅದರ ಕಾರಣ. ಅವನ್ನು ತೆಗೆದ ಮೇಲೆ ತಾಣ ಕೆಲವೇ ದಿನಗಳಲ್ಲಿ ಮರಳಿ ಸೇರಿತು. ಯಂತ್ರಕ್ಕೊಂದು ಮುಖ, ಜನರಿಗೊಂದು ಮುಖ ತೋರಿಸುವ ಈ ಬಗೆಗೆ ‘ವೇಷಾಂತರ’ ಸಾಕೆಂದು ತೋರುತ್ತದೆ.

ಕೊಂಡಿಗಳ (ಲಿಂಕುಗಳ) ವಿಷಯ ಇನ್ನೂ ಸೂಕ್ಷ್ಮ. ಒಂದು ತಾಣ ಇನ್ನೊಂದಕ್ಕೆ ಕೊಡುವ ಕೊಂಡಿಯನ್ನು ಸಾಕ್ಷಿಯೆಂದು ಎಣಿಸುವ ಪೇಜ್‌ರ‍್ಯಾಂಕ್ ವಿಧಾನದ ಮೇಲೆ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1998ರಲ್ಲಿ ಗೂಗಲನ್ನು ಕಟ್ಟಿದರು. ಸಾಕ್ಷಿಗೆ ಬೆಲೆ ಬಂದ ಕೂಡಲೇ ಸಾಕ್ಷಿಯ ಮಾರಾಟವೂ ಶುರುವಾಯಿತು. ಆದ್ದರಿಂದ ಕೊಂಡುಕೊಂಡ ಕೊಂಡಿಗೆ ‘ಸುಳ್ಳುಸಾಕ್ಷಿ’ ಎಂಬ ನಮ್ಮ ಹಳೆಯ ಮಾತು ಸರಿಯಾಗಿಯೇ ಕೂರುತ್ತದೆ. ಆದರೆ ಒಂದು ಎಚ್ಚರಿಕೆ ಅಗತ್ಯ. ಹಣ ಕೊಟ್ಟದ್ದೇ ಇಲ್ಲಿ ತಪ್ಪಲ್ಲ. 2005ರಲ್ಲಿ ಬಂದ ‘ನೋಫಾಲೋ’ ಗುರುತನ್ನೋ 2019ರಲ್ಲಿ ಬಂದ ‘ಸ್ಪಾನ್ಸರ್ಡ್’ ಗುರುತನ್ನೋ ಹಚ್ಚಿ, ಇದು ಹಣ ಕೊಟ್ಟು ಹಾಕಿಸಿದ ಕೊಂಡಿ ಎಂದು ಯಂತ್ರಕ್ಕೆ ತಿಳಿಸಿದರೆ ಅದು ಜಾಹೀರಾತು, ಸ್ಪ್ಯಾಮ್ ಅಲ್ಲ. ಮುಚ್ಚಿಟ್ಟಾಗ ಮಾತ್ರ ಅದು ಸುಳ್ಳುಸಾಕ್ಷಿಯಾಗುತ್ತದೆ.

ಹಾಗಾದರೆ ಇವೆಲ್ಲವನ್ನೂ ಒಳಗೊಳ್ಳುವ ಒಂದು ಹೆಸರು ಯಾವುದು? ಮೊದಲು ನನಗೆ ಹೊಳೆದದ್ದು ‘ಶೋಧವಂಚನೆ’. ಅರ್ಥ ಸ್ಪಷ್ಟ, ಸಮಾಸವೂ ಸರಿ. ಆದರೆ ವಂಚನೆ ಎಂದೊಡನೆ ವಂಚಕರು ಯಾರು ಎಂಬ ಪ್ರಶ್ನೆ ಏಳುತ್ತದೆ, ಮತ್ತು ಬೆರಳು ತಾಣದ ಒಡೆಯರ ಕಡೆಗೇ ತಿರುಗುತ್ತದೆ. ನನ್ನ ಚಿಕ್ಕಮ್ಮ ಯಾರನ್ನೂ ವಂಚಿಸಿದವರಲ್ಲ. 2011ರ ಫೆಬ್ರುವರಿಯಲ್ಲಿ ಅಮೆರಿಕದ ಜೆ. ಸಿ. ಪೆನ್ನಿ ಎಂಬ ಮಳಿಗೆ ಸಮೂಹದ ತಾಣಕ್ಕೆ ಹಣ ಕೊಟ್ಟು ಹಾಕಿಸಿದ ಕೊಂಡಿಗಳ ಸುದ್ದಿಯನ್ನು ನ್ಯೂಯಾರ್ಕ್ ಟೈಮ್ಸ್ ಹೊರಗೆಡಹಿದಾಗಲೂ, ಅವು ತನ್ನ ಅರಿವಿಗೆ ಬಾರದೆ ನಡೆದದ್ದೆಂದು ಕಂಪನಿ ಹೇಳಿತು. ಗೂಗಲ್ ಆ ತಾಣವನ್ನು ಕೆಳಗಿಳಿಸಿತು. ನೀತಿ ಅನ್ವಯವಾಗುವುದು ಪುಟಕ್ಕೂ ತಾಣಕ್ಕೂ, ಒಡೆಯರ ಮನಸ್ಸಿನಲ್ಲಿ ಏನಿತ್ತು ಎಂಬುದು ಅದರ ಕೈಗೆ ಎಟುಕುವುದಿಲ್ಲ.

ಈ ಕಾರಣದಿಂದ ನನ್ನ ಒಲವು ‘ಕಲಬೆರಕೆ’ಯ ಕಡೆಗಿದೆ. ಕಲಬೆರಕೆ ಎಂಬ ದೋಷ ಸರಕಿನಲ್ಲಿರುತ್ತದೆ. ಅಂಗಡಿಯವರಿಗೆ ಗೊತ್ತಿದ್ದೂ ಇರಬಹುದು, ಗೊತ್ತಿಲ್ಲದೆಯೂ ಇರಬಹುದು, ಸರಕನ್ನಂತೂ ತೆಗೆಯಲೇಬೇಕು. ಚಿಕ್ಕಮ್ಮನಿಗೆ ವಿಷಯ ಅರ್ಥವಾದದ್ದೂ ಈ ಪದದಿಂದಲೇ, ಅದೂ ಅಡಿಕೆಯ ಮೂಲಕ. ಮಲೆನಾಡಿನಲ್ಲಿ ಎಳೆಯ ಅಡಿಕೆಯನ್ನು ಸುಲಿದು ಬೇಯಿಸುವಾಗ ನೀರಿಗೆ ಇಳಿಯುವ ರಸವನ್ನು ಚೊಗರು ಎನ್ನುತ್ತಾರೆ, ಕೆಲವು ಕಡೆ ತೊಗರು ಎಂದೂ ಹೇಳುವುದುಂಟು. ಆ ಚೊಗರಿನಿಂದಲೇ ಅಡಿಕೆಗೆ ಕೆಂಪು ಬಣ್ಣವನ್ನೂ ಹೊಳಪನ್ನೂ ಕೊಡುವುದು ಒಪ್ಪಿತವಾದ ಪದ್ಧತಿ, ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ಪೇಟೆಯಿಂದ ತಂದ ಕೃತಕ ಬಣ್ಣ ಹಾಕಿದರೆ ಕಲಬೆರಕೆ. ಎರಡೂ ಬಣ್ಣವೇ, ಎರಡರ ಉದ್ದೇಶವೂ ಒಳ್ಳೆಯ ದರ ಪಡೆಯುವುದೇ. ಆದರೆ ಒಂದು ಒಳಗಿದ್ದದ್ದನ್ನು ಹೊರಗೆ ಕಾಣಿಸುತ್ತದೆ, ಇನ್ನೊಂದು ಇಲ್ಲದ್ದನ್ನು ಇದೆಯೆಂದು ತೋರಿಸುತ್ತದೆ. ಪುಟಕ್ಕೆ ತಕ್ಕ ಶೀರ್ಷಿಕೆ ಕೊಡುವುದು, ಚಿತ್ರಗಳಿಗೆ ವಿವರಣೆ ಬರೆಯುವುದು, ಮೊಬೈಲಿನಲ್ಲಿ ಬೇಗ ತೆರೆಯುವಂತೆ ಮಾಡುವುದು, ಒಳಪುಟಗಳನ್ನು ಕೊಂಡಿಗಳಿಂದ ಜೋಡಿಸುವುದು, ಇವೆಲ್ಲ ಚೊಗರಿನ ಸಾಲಿಗೆ ಸೇರುತ್ತವೆ. ಹಿನ್ನೆಲೆಯ ಬಣ್ಣದಲ್ಲೇ ಅಕ್ಷರ ಬರೆದು ಓದುಗರ ಕಣ್ಣಿಗೆ ಬೀಳದಂತೆ ಪದಗಳನ್ನು ಅಡಗಿಸಿಡುವುದು ಕೃತಕ ಬಣ್ಣ.

ಈ ಪದಕ್ಕೆ ಎರಡು ಆಕ್ಷೇಪಗಳನ್ನು ನಾನೇ ಊಹಿಸಬಲ್ಲೆ. ‘ಕಲಬೆರಕೆ ಭಾಷೆ’ ಎಂಬ ಪ್ರಯೋಗದಿಂದಾಗಿ, ಕನ್ನಡದ ನಡುವೆ ಇಂಗ್ಲಿಷ್ ಬೆರೆಸಿದ ಪುಟವೇ ಸ್ಪ್ಯಾಮ್ ಎಂದು ಯಾರಾದರೂ ತಿಳಿಯಬಹುದು. ಎರಡನೆಯದು ಹೆಚ್ಚು ಗಟ್ಟಿಯಾದದ್ದು. 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ನೀತಿಗೆ ಹೊಸ ಬಗೆಗಳನ್ನು ಸೇರಿಸಿತು. ಅವುಗಳಲ್ಲೊಂದು, ಸ್ಥಾನ ಗಿಟ್ಟಿಸುವುದಕ್ಕಾಗಿಯೇ ಓದುಗರಿಗೆ ಪ್ರಯೋಜನವಿಲ್ಲದ ಪುಟಗಳನ್ನು ರಾಶಿರಾಶಿಯಾಗಿ ಹುಟ್ಟಿಸುವುದು. ಬರೆದದ್ದು ಮನುಷ್ಯರೋ ಯಂತ್ರವೋ ಎಂಬುದು ಅಲ್ಲಿ ಮುಖ್ಯವಲ್ಲ. ಬೇರೆ ಭಾಷೆಯ ಪುಟಗಳನ್ನು ಸಾಮೂಹಿಕವಾಗಿ ಯಂತ್ರಾನುವಾದ ಮಾಡಿ ಸುರಿದ ಪುಟಗಳು ಕನ್ನಡದಲ್ಲಿ ಹೆಚ್ಚುತ್ತಿರುವುದನ್ನು ನಾವೆಲ್ಲ ಕಾಣುತ್ತಿದ್ದೇವೆ. ಅವುಗಳಲ್ಲಿ ಏನನ್ನೂ ಬೆರೆಸಿಲ್ಲ, ಕಾಳೇ ಇಲ್ಲ. ಅದಕ್ಕೆ ಕಲಬೆರಕೆಗಿಂತ ‘ಜೊಳ್ಳು’ ಒಪ್ಪುತ್ತದೆ. ಹೀಗಿರುವಾಗ ಒಂದೇ ಪದ ಸಾಕೇ, ಕಲಬೆರಕೆ ಮತ್ತು ಜೊಳ್ಳು ಎರಡನ್ನೂ ಇಟ್ಟುಕೊಳ್ಳಬೇಕೇ ಎಂಬುದನ್ನು ನನ್ನಿಂದ ತೀರ್ಮಾನಿಸಲಾಗಿಲ್ಲ.

ಇದಕ್ಕೆ ಜೊತೆಯಾದ ಇನ್ನೊಂದು ಪದ ‘ಆಪ್ಟಿಮೈಸೇಶನ್’. ‘ಗರಿಷ್ಠೀಕರಣ’, ‘ಅತ್ಯುತ್ತಮೀಕರಣ’, ‘ಅನುಕೂಲೀಕರಣ’ ಎಂಬ ಪ್ರಯೋಗಗಳನ್ನು ಕಂಡಿದ್ದೇನೆ. ಇವುಗಳಲ್ಲಿ ಗರಿಷ್ಠೀಕರಣ ಅಪಾಯಕಾರಿ ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಎಷ್ಟು ಹೆಚ್ಚಾದರೆ ಅಷ್ಟು ಒಳ್ಳೆಯದು ಎಂಬ ಭಾವನೆಯೇ ಪದ ತುರುಕುವ ಕೆಲಸದ ಬೇರು. ‘ಹದಗೊಳಿಸುವಿಕೆ’ ಎಂದರೆ ಹೇಗೆ? ಮಣ್ಣಿನ ಹದ, ಪಾಕದ ಹದ, ಮಳೆಯ ಹದ ಎನ್ನುವಾಗ ಸಾಕಷ್ಟು ಇರಬೇಕು, ಮೀರಬಾರದು ಎಂಬ ಅರಿವು ಪದದೊಳಗೇ ಇರುತ್ತದೆ. ಬೆಲ್ಲದ ಪಾಕ ಹದ ಮೀರಿದರೆ ಕೆಡುವಂತೆ ಪುಟವೂ ಕೆಡುತ್ತದೆ ಎಂದು ಯಾರಿಗಾದರೂ ಸುಲಭವಾಗಿ ತಿಳಿಸಬಹುದು. ಚರ್ಮ ಹದ ಮಾಡುವ ನೆನಪು ಬರುತ್ತದೆ ಎಂದು ಮಿತ್ರರೊಬ್ಬರು ಹೇಳಿದರು, ಅದು ಕುಂದೆಂದು ನನಗೆ ಅನಿಸಲಿಲ್ಲ.

ಒಳ್ಳೆಯ ಮತ್ತು ಕೆಟ್ಟ ಉಪಾಯಗಳಿಗೆ ಇಂಗ್ಲಿಷಿನಲ್ಲಿ ಬಳಸುವ ‘ವೈಟ್ ಹ್ಯಾಟ್’, ‘ಬ್ಲ್ಯಾಕ್ ಹ್ಯಾಟ್’ ಎಂಬ ಹೆಸರುಗಳನ್ನು ಮಾತ್ರ ಬಿಳಿ ಟೋಪಿ, ಕಪ್ಪು ಟೋಪಿ ಎಂದು ಅನುವಾದಿಸಬೇಡಿರೆಂದು ವಿನಂತಿಸುತ್ತೇನೆ. ಅಮೆರಿಕದ ಹಳೆಯ ಕೌಬಾಯ್ ಚಿತ್ರಗಳಲ್ಲಿ ನಾಯಕನಿಗೆ ಬಿಳಿಯ, ಖಳನಿಗೆ ಕಪ್ಪು ಟೋಪಿ ಇರುತ್ತಿದ್ದ ರೂಢಿಯಿಂದ ಅವು ಬಂದಿವೆ. ಕನ್ನಡದಲ್ಲಿ ಟೋಪಿ ಹಾಕುವುದೆಂದರೆ ಮೋಸ ಮಾಡುವುದು, ಟೋಪಿಯ ಬಣ್ಣ ಯಾವುದಾದರೂ ಅರ್ಥ ಅದೇ. ‘ನೇರದಾರಿ’, ‘ಅಡ್ಡದಾರಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ನನ್ನ ಕೋರಿಕೆ ಇಷ್ಟು. ಚಿಕ್ಕಮ್ಮನಂತಹ ಸಣ್ಣ ತಾಣಗಳ ಒಡೆಯರಿಗಾಗಿ ನಾನೊಂದು ಕೈಪಿಡಿ ಬರೆಯುತ್ತಿದ್ದೇನೆ. ಸೂಚನೆಗಳಲ್ಲಿ ‘ಸ್ಪ್ಯಾಮ್’ ಎಂಬ ಪದವೇ ಅವರ ಕಣ್ಣಿಗೆ ಬೀಳುವುದರಿಂದ ಅದನ್ನು ಹಾಗೆಯೇ ಉಳಿಸಿಕೊಂಡು, ಮೊದಲ ಸಲ ಬರುವಾಗ ಪಕ್ಕದಲ್ಲಿ ಕನ್ನಡದ ಅರ್ಥ ಕೊಡಬೇಕೆಂದಿದ್ದೇನೆ. ಆ ಜಾಗದಲ್ಲಿ ‘ಕಲಬೆರಕೆ’ ಸಲ್ಲುತ್ತದೆಯೇ? ಅಡಿಕೆ, ಮೆಣಸು, ಜೋಳ, ರೇಷ್ಮೆಗೂಡಿನ ವ್ಯಾಪಾರದಲ್ಲಿ ಸರಕನ್ನು ಇರುವುದಕ್ಕಿಂತ ಚೆನ್ನಾಗಿ ಕಾಣಿಸಲು ಮಾಡುವ ಕೈಚಳಕಕ್ಕೆ ನಿಮ್ಮ ನಿಮ್ಮ ಕಡೆಗಳಲ್ಲಿ ಬೇರೆ ಹೆಸರುಗಳಿದ್ದರೆ ದಯವಿಟ್ಟು ತಿಳಿಸಿ. ವಿಶೇಷವಾಗಿ ಉತ್ತರ ಕರ್ನಾಟಕದ ಮತ್ತು ಕರಾವಳಿಯ ಪೇಟೆಗಳ ಮಾತುಗಳು ನನಗೆ ಬೇಕಾಗಿವೆ.