ಎಣ್ಣೆ ಪೊಟ್ಟಣ ಕತ್ತರಿಸಿ ಒರೆಸುವ ಅತ್ತೆ ಬೋರ್‌ವೆಲ್‌ಗೆ ಬಳೆ ಬಿಚ್ಚಿಕೊಟ್ಟರು: ಇದು ಯಾವ ಲೆಕ್ಕ?

ಪ್ರಶ್ನೆ: ಮದ್ದೂರಿನ ಮಗಳು (ಈಗ ಕೋಲಾರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಮದ್ದೂರಿನ ಬಳಿ, ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ. ಮದುವೆಯಾಗಿ ಕೋಲಾರ ತಾಲ್ಲೂಕಿನ ಹಳ್ಳಿಗೆ ಬಂದು ಮೂರು ವರ್ಷವಾಯಿತು. ದುಡ್ಡಿನ ವಿಷಯದಲ್ಲಿ ಈ ಮನೆ ನನಗೆ ಇನ್ನೂ ಅರ್ಥವಾಗಿಲ್ಲ.

ನಮ್ಮ ತವರಿನಲ್ಲಿ ಕಬ್ಬಿನ ಬಿಲ್ಲು ಬಂದ ವಾರ ಮನೆಯೇ ಬೇರೆಯಾಗುತ್ತಿತ್ತು. ಸಾಲ ತೀರಿಸಿ ಉಳಿದದ್ದರಲ್ಲಿ ಎಲ್ಲರಿಗೂ ಬಟ್ಟೆ, ನೆಂಟರಿಷ್ಟರಿಗೆ ಬಾಡೂಟ. ಬಾಗಿಲಿಗೆ ಬಂದವರು ಊಟ ಮಾಡದೆ ಹೋದರೆ ಅಪ್ಪನಿಗೆ ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಇಲ್ಲಿ ನಮ್ಮ ಅತ್ತೆ ಎಣ್ಣೆ ಪೊಟ್ಟಣ ಖಾಲಿಯಾದ ಮೇಲೆ ಅದನ್ನು ಕತ್ತರಿಸಿ, ಒಳಗಿನ ಜಿಡ್ಡನ್ನು ರೊಟ್ಟಿಯ ಹಿಟ್ಟಿನಿಂದ ಒರೆಸುತ್ತಾರೆ. ಅಕ್ಕಿ ತೊಳೆದ ನೀರು ಹಸುವಿನ ಕಲಗಚ್ಚಿಗೆ, ಪಾತ್ರೆ ತೊಳೆದ ನೀರು ಕರಿಬೇವಿನ ಗಿಡಕ್ಕೆ, ಸ್ನಾನದ ನೀರು ಬಾಳೆಗೆ. ಎರಡನೇ ಒಲೆ ಹೊತ್ತಿಸಲು ಇನ್ನೊಂದು ಬೆಂಕಿಕಡ್ಡಿ ಗೀರುವುದಿಲ್ಲ, ಮೊದಲ ಒಲೆಯಿಂದಲೇ ಕಾಗದದ ಚೂರಿಗೆ ಉರಿ ಹಿಡಿಸುತ್ತಾರೆ. ಬಸ್ ಇಳಿದ ಮೇಲೆ ಎರಡು ಕಿಲೋಮೀಟರ್ ನಡೆದೇ ಬರುತ್ತಾರೆ. ಇದೆಲ್ಲ ನನಗೆ ಒಗ್ಗಿಹೋಗಿತ್ತು, ಗೌರವವೂ ಇತ್ತು.

ಈ ವರ್ಷ ಮಗಳ ಮೊದಲ ಹುಟ್ಟುಹಬ್ಬ ಬಂತು. ಮನೆಯ ಮುಂದೆ ಶಾಮಿಯಾನ ಹಾಕಿಸಿ, ನಮ್ಮ ಕಡೆಯವರನ್ನೂ ಕರೆಯೋಣ, 25,000 ರೂಪಾಯಿಯೊಳಗೆ ಮುಗಿಯುತ್ತದೆ ಎಂದೆ. ಅತ್ತೆ ತಲೆ ಅಲ್ಲಾಡಿಸಿಬಿಟ್ಟರು. ಗಂಡ ಮಾತಾಡಲಿಲ್ಲ. ಅದಾಗಿ ನಲವತ್ತು ದಿನಕ್ಕೆ ಹೊಲದಲ್ಲಿ ಬೋರ್ ಲಾರಿ ನಿಂತಿತ್ತು. 1,380 ಅಡಿ ಕೊರೆದರು. ಬಂದದ್ದು ಬಿಳಿ ಧೂಳು ಮಾತ್ರ. ದುಡ್ಡಿಗಾಗಿ ಅತ್ತೆ ಕೈಯ ಎರಡು ಬಂಗಾರದ ಬಳೆ ಬಿಚ್ಚಿ ಅಡವಿಡಲು ಕೊಟ್ಟಿದ್ದರು.

ನನ್ನ ಮಗುವಿಗೆ ಇಲ್ಲದ ದುಡ್ಡು ನೆಲದೊಳಗಿನ ತೂತಿಗೆ ಹೇಗೆ ಬಂತು? ಇದು ಈ ಸೀಮೆಯ ಗುಣವೋ, ನಮ್ಮ ಮನೆಯದೋ? ನನಗೆ ನಿಜವಾಗಿ ನೋವಾಗಿದೆ. ತಿಳಿದವರು ಹೇಳಿ.

ಉತ್ತರ 1: ಟೊಮೆಟೊ ಬೆಳೆಗಾರ, ನರಸಾಪುರದ ಕಡೆ

ತಂಗಿ, ನೀನು ಬೋರ್ ಕೊರೆಸಿದ್ದನ್ನು ಖರ್ಚು ಎಂದು ಬರೆದಿದ್ದೀಯ. ನಮ್ಮಲ್ಲಿ ಅದನ್ನು ಖರ್ಚಿನ ಕಡೆ ಯಾರೂ ಬರೆಯುವುದಿಲ್ಲ. ಬಿತ್ತನೆ ಬೀಜದ ಸಾಲಿನಲ್ಲಿ ಬರೆಯುತ್ತೇವೆ. ಬೀಜವೂ ಎಲ್ಲ ಸಲ ಮೊಳೆಯುವುದಿಲ್ಲ.

ನಿನ್ನ ತವರಿನ ನಾಲೆಗೆ ಯಾರ ಹೆಸರಿದೆಯೋ ಆ ಮಹನೀಯರು ಹುಟ್ಟಿದ ಮುದ್ದೇನಹಳ್ಳಿ ನಮ್ಮ ಒಣ ಸೀಮೆಯದೇ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೆ ಅದೂ ಕೋಲಾರ ಜಿಲ್ಲೆ. ಆದರೆ ಕಾವೇರಿಯಂಥ ನದಿ ನಮ್ಮ ಪಾಲಿಗಿಲ್ಲ. ಕೆರೆ ತುಂಬಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನನ್ನದೇ ಲೆಕ್ಕ ಕೇಳು. 2023ರ ಜುಲೈಯಲ್ಲಿ ಕೋಲಾರದ ಎ.ಪಿ.ಎಂ.ಸಿ.ಯಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತು. ನನಗೂ ಒಳ್ಳೆಯ ದುಡ್ಡು ಕಂಡಿತು. ಅದರ ಹಿಂದೊಮ್ಮೆ ಇದೇ ಬಾಕ್ಸನ್ನು 50 ರೂಪಾಯಿಗೆ ಕೇಳಿದ್ದರು. ಕೊಯ್ಲಿನ ಕೂಲಿ, ಗಾಡಿ ಬಾಡಿಗೆಯೂ ಹುಟ್ಟದೆ ತೋಟಕ್ಕೆ ದನ ಬಿಟ್ಟಿದ್ದೆ. ಸಸಿ, ಕಡ್ಡಿ, ದಾರ, ಮಲ್ಚಿಂಗ್ ಹಾಳೆ, ಔಷಧಿ ಎಲ್ಲವೂ ಮಣ್ಣುಪಾಲು. ಹಾಗಾಗಿ ಒಳ್ಳೆಯ ವರ್ಷದ ದುಡ್ಡು ಕೈಗೆ ಬಂದಾಗ ಅದು ನನ್ನದು ಎನ್ನಿಸುವುದೇ ಇಲ್ಲ. ಮುಂದಿನ ಕೆಟ್ಟ ವರ್ಷದ್ದು ಎನ್ನಿಸುತ್ತದೆ. ಅಡವಿಟ್ಟ ಒಡವೆ ಬಿಡಿಸಿದೆ, ಹೊಸ ಬಟ್ಟೆಯನ್ನೂ ತೆಗೆಯಲಿಲ್ಲ.

ಇನ್ನೊಂದು ಮಾತು. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು, ಆಮೇಲೆ ನರಸಾಪುರದ ಕೆರೆಗೂ. ಒಣಗಿದ್ದ ನನ್ನ ಹಳೆಯ ಬೋರ್‌ನಲ್ಲಿ ಮತ್ತೆ ನೀರು ಕಂಡಿತು. ನಮ್ಮ ತಾಯಿ ಇಂದಿಗೂ ಪಾತ್ರೆ ತೊಳೆದ ನೀರನ್ನು ಮೋರಿಗೆ ಚೆಲ್ಲಲು ಬಿಡುವುದಿಲ್ಲ. ನೀರು ಬಂದರೂ ಕೈ ಮರೆಯುವುದಿಲ್ಲ ತಂಗಿ.

ಉತ್ತರ 2: ನಿವೃತ್ತ ಶಿಕ್ಷಕ, ಕೆ.ಜಿ.ಎಫ್.

ಬೆಳೆಗಾರರ ಮಾತನ್ನು ಅರ್ಧ ಒಪ್ಪುತ್ತೇನೆ. ಆದರೆ ಎಲ್ಲವನ್ನೂ ಮಳೆಯ ತಲೆಗೆ ಕಟ್ಟುವುದು ಸರಿಯಲ್ಲ. ನಾವೂ ಇದೇ ಆಕಾಶದ ಕೆಳಗಿನವರು.

ನಮ್ಮ ತಂದೆ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. ಅದು 3 ಕಿಲೋಮೀಟರಿಗೂ ಹೆಚ್ಚು ಆಳ ಇಳಿದ ಗಣಿ. ಸಂಬಳದ ದಿನ ಅಂಗಡಿಯ ಬಾಕಿ ತೀರಿಸಿ, ಆ ಸಂಜೆಯೇ ಮಾಂಸ, ಮಿಠಾಯಿ, ನಮಗೆ ಸಿನಿಮಾ. ತಿಂಗಳ ಕೊನೆಯ ವಾರ ಮತ್ತೆ ಬಾಕಿ ಪುಸ್ತಕ. ಅಮ್ಮ ಒಮ್ಮೆ ಜಗಳ ತೆಗೆದಾಗ ಅಪ್ಪ ಹೇಳಿದ್ದು ಇಷ್ಟೇ: 'ನಾಳೆ ಬಂಡೆ ಸಿಡಿದರೆ ನಾನು ಮೇಲೆ ಬರುವುದಿಲ್ಲ. ಇವತ್ತು ಮಕ್ಕಳು ತಿನ್ನಲಿ.' ಆಳದ ಗಣಿಗಳಲ್ಲಿ ಬಂಡೆ ಸಿಡಿಯುವುದು ಬರಿಯ ಮಾತಾಗಿರಲಿಲ್ಲ.

ಗಮನಿಸಿ, ನಾಳೆಯ ಭಯ ರೈತನ ಕೈಯನ್ನು ಬಿಗಿ ಮಾಡಿತು, ಗಣಿಯವನ ಕೈಯನ್ನು ಬಿಚ್ಚಿತು. ಭಯ ಒಂದೇ. ರೈತನಿಗೆ ಮುಂದಿನ ಬೆಳೆಗೆ ಬಂಡವಾಳ ಬೇಕು. ನಮ್ಮ ತಂದೆಗೆ ಬೇಕಾಗಿದ್ದದ್ದು ಅವರ ಮೈ ಮಾತ್ರ. ಮನೆ ಕಂಪನಿಯದು, ಆಸ್ಪತ್ರೆ ಕಂಪನಿಯದು, 1902ರಿಂದ ಶಿವನಸಮುದ್ರದ ವಿದ್ಯುತ್ತೂ ಇತ್ತು. ಅದು ನಿಮ್ಮ ಮಂಡ್ಯದ ಕಡೆಯಿಂದಲೇ ಬಂದದ್ದಮ್ಮಾ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮಾರಿಕುಪ್ಪಂನಿಂದ ಬೆಳಗಿನ ಜಾವದ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವುದು ನಮ್ಮ ಊರಿನ ಬದುಕಾಯಿತು. ನನ್ನ ತಮ್ಮನ ಮನೆಯಲ್ಲಿ ಈಗ ರೈಲಿನ ಪಾಸು, ಮಕ್ಕಳ ಶುಲ್ಕ ಎಂದು ಡಬ್ಬಿ ಡಬ್ಬಿಯಾಗಿ ದುಡ್ಡು ಎತ್ತಿಡುತ್ತಾರೆ. ಅದೇ ಮನೆತನ, ಅದೇ ಊರು. ಬದಲಾದದ್ದು ದುಡ್ಡು ಬರುವ ದಾರಿ.

ಉತ್ತರ 3: ಹಿಪ್ಪುನೇರಳೆ, ಶಿಡ್ಲಘಟ್ಟ

ಇಬ್ಬರು ಗಂಡಸರೂ ಚೆನ್ನಾಗಿ ಬರೆದಿದ್ದಾರೆ. ಒಂದು ಪ್ರಶ್ನೆಯನ್ನು ಮಾತ್ರ ಇಬ್ಬರೂ ಕೇಳಲಿಲ್ಲ. ಉಳಿಸಿದವರು ಯಾರು, ಖರ್ಚು ಮಾಡಿದವರು ಯಾರು?

ಎಣ್ಣೆ ಪೊಟ್ಟಣ ಒರೆಸಿದ್ದು ಅತ್ತೆ. ಬಿಸಿಲಲ್ಲಿ ನಡೆದದ್ದು ಅತ್ತೆ. ಬಳೆ ಬಿಚ್ಚಿದ್ದೂ ಅವರೇ. ಬೋರ್‌ನ ಪಾಯಿಂಟ್ ತೋರಿಸಲು ಕರೆತಂದದ್ದು ಯಾರು? ಇನ್ನೂ ನೂರು ಅಡಿ ಹೋಗಲಿ ಎಂದು ಲಾರಿಯ ಪಕ್ಕ ನಿಂತು ಹೇಳಿದ್ದು ಯಾರು? ನಮ್ಮ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದ ಮೇಲೆ (ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ) ನನಗೆ ಹಗಲು ರಾತ್ರಿ ಎಂಬುದಿಲ್ಲ. ಸೊಪ್ಪು ಕೊಡುವುದು, ಹಣ್ಣಾದ ಹುಳು ಆರಿಸಿ ಗೂಡು ಕಟ್ಟುವ ಚಂದ್ರಿಕೆ ತಟ್ಟೆಗೆ ಬಿಡುವುದು, ಗೂಡು ಬಿಡಿಸುವುದು ಎಲ್ಲವೂ ನಾನು ಮತ್ತು ನಮ್ಮ ಓರಗಿತ್ತಿ. ಮಾರುಕಟ್ಟೆಯಲ್ಲಿ ಗೂಡಿನ ದುಡ್ಡು ಬೀಳುವುದು ಗಂಡನ ಖಾತೆಗೆ. ಎಂಟು ವರ್ಷ ನಾನು ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟದ್ದು ಒಂದು ಮಧ್ಯಾಹ್ನ ಸಾಲದವನ ಕೈಗೆ ಹೋಯಿತು. ಆ ದಿನ ಅತ್ತು ತೀರ್ಮಾನ ಮಾಡಿ, ಸ್ತ್ರೀಶಕ್ತಿ ಸಂಘಕ್ಕೆ ಸೇರಿದೆ. ಈಗ ನನ್ನ ಹೆಸರಿನ ಪಾಸ್‌ಪುಸ್ತಕದಲ್ಲಿ ಇರುವುದನ್ನು ನನ್ನನ್ನು ಕೇಳದೆ ಯಾರೂ ತೆಗೆಯುವುದಿಲ್ಲ.

ತಂಗಿ, ಅತ್ತೆಯನ್ನು ಜಿಪುಣಿ ಎಂದು ನೀನು ಬರೆಯಲಿಲ್ಲ, ಅದು ನಿನ್ನ ದೊಡ್ಡ ಗುಣ. ಅವರ ಜೊತೆ ಕುಳಿತು ಆ ಬಳೆ ಹೇಗೆ ಬಂದವು ಎಂದು ಕೇಳು. ಬೋರ್‌ನ ವಿಷಯ ತೆಗೆಯಬೇಡ. ಬಳೆಯ ವಿಷಯ ಕೇಳು.

ಮತ್ತೆ, ಮದ್ದೂರಿನ ಮಗಳು

ಎಲ್ಲರಿಗೂ ಕೈಮುಗಿಯುತ್ತೇನೆ. ಶಿಡ್ಲಘಟ್ಟದ ಅಕ್ಕ ಹೇಳಿದಂತೆ ನಿನ್ನೆ ಸೊಪ್ಪು ಬಿಡಿಸುತ್ತಾ ಕೇಳಿದೆ. ಬಸ್ಸಾರಿಗೆ ದಂಟಿನ ಸೊಪ್ಪು ಇತ್ತು.

ಅತ್ತೆ ತುಂಬ ಹೊತ್ತು ಮಾತಾಡಿದರು. ಮೂರು ವರ್ಷದಲ್ಲಿ ನನ್ನ ಜೊತೆ ಅಷ್ಟು ಮಾತಾಡಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಬರುವ ಡೈರಿ ಬಟವಾಡೆಯಲ್ಲಿ ಉಳಿಸಿ, ಚೀಟಿ ಹಾಕಿ, ಹನ್ನೊಂದು ವರ್ಷಕ್ಕೆ ಆ ಜೊತೆ ಬಳೆ ಮಾಡಿಸಿದ್ದಂತೆ. ಮಗ ಕೇಳಿರಲಿಲ್ಲ, ಅವರೇ ಬಿಚ್ಚಿಕೊಟ್ಟಿದ್ದರು. ಪಕ್ಕದ ಮನೆಯ ಇಬ್ಬರು ಹುಡುಗರು ಹೊಲ ಬಿಟ್ಟು ಬೆಂಗಳೂರಿಗೆ ಕಾವಲು ಕೆಲಸಕ್ಕೆ ಹೋಗಿದ್ದಾರೆ, ಬೀಗ ಬಿದ್ದಿದೆ. 'ನೀರು ಬಿದ್ದಿದ್ದರೆ ನೀವು ಮೂವರೂ ಇಲ್ಲೇ ಇರುತ್ತಿದ್ದಿರಿ' ಎಂದರು. ನನಗೆ ಸೊಪ್ಪು ಕಾಣಿಸಲಿಲ್ಲ, ಕಣ್ಣು ತುಂಬಿತ್ತು.

ಹುಟ್ಟುಹಬ್ಬದ ಮಾತನ್ನೂ ಅವರೇ ಎತ್ತಿದರು. ಅವರು ಬೇಡ ಎಂದದ್ದು ಶಾಮಿಯಾನ, ಕುರ್ಚಿ, ಬಣ್ಣದ ದೀಪಕ್ಕೆ. 'ಊಟ ಹಾಕುವುದನ್ನು ನಾನು ಯಾವಾಗ ಬೇಡ ಎಂದೆ?' ಎಂದು ನನ್ನನ್ನೇ ಕೇಳಿದರು. ನಾನೂ ಆ ದಿನ ಪೂರ್ತಿ ಕೇಳದೆ ಎದ್ದುಹೋಗಿದ್ದೆ.

ನನ್ನ ಗಂಡನ ಮೇಲಿನ ಬೇಸರ ಇನ್ನೂ ಇದೆ. ಅಷ್ಟು ದೊಡ್ಡ ಮೊತ್ತಕ್ಕೆ ಕೈಹಾಕುವಾಗ ನನ್ನನ್ನು ಒಂದು ಮಾತು ಕೇಳಬೇಕಿತ್ತು. ಅದನ್ನು ಅವರಿಗೆ ಹೇಳಿದ್ದೇನೆ, ಅತ್ತೆಯ ಎದುರಿಗೇ ಹೇಳಿದ್ದೇನೆ. ಬಟವಾಡೆಯಲ್ಲಿ ಮೊದಲು ಬಳೆಯ ಬಡ್ಡಿ ಕಟ್ಟುವುದು ಎಂದು ಮೂವರೂ ಒಪ್ಪಿದ್ದೇವೆ. ಒಣ ಬೋರ್‌ನ ಬಾಯಿಗೆ ಇಂದು ಬೆಳಿಗ್ಗೆ ಮುಚ್ಚಳ ಬಿಗಿದು, ಮೇಲೆ ಚಪ್ಪಡಿ ಹಾಕಿಸಿದೆವು. ಮಗು ನಡೆಯಲು ಕಲಿತಿದ್ದಾಳೆ.

ಬರುವ ಭಾನುವಾರ ನಮ್ಮ ತವರಿನವರು ಬರುತ್ತಿದ್ದಾರೆ. ಅಂಗಳದಲ್ಲಿ ಹೊಂಗೆ ಮರದ ಕೆಳಗೆ ಪಂಕ್ತಿ. ಅತ್ತೆ ಆಗಲೇ ಮುತ್ತುಗದ ಎಲೆ ಹಚ್ಚಲು ಕುಳಿತಿದ್ದಾರೆ. ನಾನು ನಲವತ್ತು ಸಾಕು ಎಂದೆ, ಅವರು ಅರವತ್ತು ಹಚ್ಚುತ್ತಿದ್ದಾರೆ.